ಮೂರನೆಯ ಹಾಸಿಗೆ

"ನನಗೆ ಅಣ್ಣತಮ್ಮಂದಿರೇ ಇಲ್ಲ ಮೇಡಂ. ನಮ್ಮಪ್ಪನಿಗೆ ನಾವು ನಾಲ್ಕೂ ಹೆಣ್ಣೇ."

ಆಕೆ ಇದನ್ನು ಸಿಟ್ಟಿನಿಂದ ಹೇಳಲಿಲ್ಲ. ಎಲ್ಲೋ ಒಬ್ಬ ಅಣ್ಣ ಇದ್ದು ತನಗೇ ಮರೆತುಹೋಗಿದೆಯೇನೋ ಎನ್ನುವ ಹಾಗೆ ಮೆಲ್ಲಗೆ ಹೇಳಿದಳು. ಸರ್ಕಾರಿ ಕಾಗದ ಕೈಗೆ ಬಂದರೆ ಬಡವರು ತಮ್ಮ ರಕ್ತಸಂಬಂಧವನ್ನೇ ಅನುಮಾನಿಸುತ್ತಾರೆ. ಹದಿನಾಲ್ಕು ವರ್ಷದಿಂದ ಈ ಕುರ್ಚಿಯಲ್ಲಿ ಕೂತು ನಾನು ನೋಡುತ್ತ ಬಂದಿರುವುದು ಇದನ್ನೇ.

ಆ ಕಾಗದವನ್ನು ಅಂಚೆಗೆ ಹಾಕಿದವರು ನಾವೇ. 'ನಿಮ್ಮ ಮಗಳನ್ನು ಕಳ್ಳಸಾಗಣೆದಾರರಿಂದ ಬಿಡಿಸಿ, ಆಕೆಯ ಸೋದರಮಾವನ ಸುಪರ್ದಿಗೆ ಒಪ್ಪಿಸಲಾಗಿದೆ' ಎಂದು ಅದರಲ್ಲಿತ್ತು. ಕೆಳಗೆ ನನ್ನ ಸಹಿ, ಅದರ ಮೇಲೆ ಘಟಕದ ನೀಲಿ ಮುದ್ರೆ.

ಎರಡು ವಾರದ ಹಿಂದೆ ಮೀನು ಪ್ಯಾಕ್ ಮಾಡುವ ಕಾರ್ಖಾನೆಯ ಹಿಂದಿನ ಕಟ್ಟಡಕ್ಕೆ ನುಗ್ಗಿ ಮೂವರು ಹುಡುಗಿಯರನ್ನು ಬಿಡಿಸಿದ್ದೆವು. ಇಬ್ಬರು ಮನೆ ಸೇರಿದರು. ಹದಿನೇಳು ವರ್ಷದ ಮೂರನೆಯವಳು ಈಕೆಯ ಮಗಳು.

"ಹಾಗಾದ್ರೆ ಇವನು ಯಾರು?" ಎಂದು ಫೈಲಿನಲ್ಲಿದ್ದ ಫೋಟೋ ತೋರಿಸಿದೆ. ಕೋಟು ಹಾಕಿಕೊಂಡ ನಲವತ್ತರ ಗಂಡಸು. ಆಕೆ ಫೋಟೋವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದಳು.

"ಇವರನ್ನ ನಾನು ಯಾವತ್ತೂ ನೋಡಿಲ್ಲ ತಾಯಿ. ನನ್ನ ಮಗಳೆಲ್ಲಿ?"

ಆಕೆಯ ತಲೆಯ ಮೇಲೆ, ಗೋಡೆಯಲ್ಲಿ, ನಮ್ಮ ಮಾನವ ಕಳ್ಳಸಾಗಣೆ ತಡೆ ಘಟಕಕ್ಕೆ ಕಳೆದ ವರ್ಷ ಬಂದ ಪ್ರಶಸ್ತಿ ಫಲಕ ತೂಗುತ್ತಿತ್ತು. ದೇಶಕ್ಕೇ ಮಾದರಿ ಘಟಕವಂತೆ. ಅದನ್ನು ಕಿತ್ತು ಕಿಟಕಿಯಿಂದಾಚೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ, ಕರೆಗಂಟೆ ಒತ್ತಿದೆ.

ನಮ್ಮ ಬರಹಗಾರ ಹೆಡ್ ಕಾನ್ಸ್‌ಟೇಬಲ್ ಓಡಿ ಬಂದ. ಕನ್ನಡಕ ಯಾವಾಗಲೂ ಹಣೆಯ ಮೇಲೆ, ಕಣ್ಣಿಗೆ ಬರುವುದು ಅಪರೂಪ. ಹಾಗಾಗಿ ಅವನಿಗೆ ಕನ್ನಡಕ ಎಂದೇ ಹೆಸರು ಬಿದ್ದಿದೆ.

"ಎಲ್ಲಾ ಗಡಿ ಠಾಣೆಗೂ ಈಗಿಂದೀಗಲೇ ತಿಳಿಸು. ಈ ಹುಡುಗಿಯ ಸುಪರ್ದಿ ಪತ್ರ ರದ್ದಾಗಿದೆ, ಯಾರೇ ತೋರಿಸಿದ್ರೂ ಹಿಡಿದು ಕೂರಿಸ್ಲಿ ಅಂತ. ಆಮೇಲೆ ಈ ಹುಡುಗಿಯರ ಸುಳಿವು ಕೊಟ್ಟು ಸಹಾಯವಾಣಿಗೆ ಬಂದ ಕರೆ ಇದೆಯಲ್ಲ, ಅದರ ರೆಕಾರ್ಡಿಂಗ್ ಹುಡುಕಿಡು."

"ರಿಜಿಸ್ಟರಲ್ಲಿ ಬರ್ಕೊಂಡಿದೀನಲ್ಲ ಮೇಡಂ."

"ನೀನು ಬರ್ಕೊಂಡಿದ್ದು ಸಾಕಾಗಿದೆ. ನಾನು ಕೇಳಬೇಕು."

ಹದಿನೆಂಟು ತುಂಬದ ಹೆಣ್ಣುಮಕ್ಕಳು ಪೋಷಕರ ಪತ್ರವಿಲ್ಲದೆ ಗಡಿ ದಾಟುವಂತಿಲ್ಲ ಎಂದು ಸರ್ಕಾರ ಎರಡು ವರ್ಷದ ಹಿಂದೆ ನಿಯಮ ತಂದಿತು. ಒಳ್ಳೆಯ ನಿಯಮ. ಅದಕ್ಕಾಗಿ ನಾವೇ ಕಾಡಿ ಬೇಡಿ ಅರ್ಜಿ ಕೊಟ್ಟಿದ್ದೆವು. ಪೋಷಕರ ಪತ್ರಗಳಲ್ಲೆಲ್ಲ ತೂಕದ್ದು ನಮ್ಮ ಸುಪರ್ದಿ ಪತ್ರ. ಅದನ್ನು ನೋಡಿದರೆ ಗಡಿಯವರು ಎರಡನೆಯ ಮಾತು ಕೇಳುವುದಿಲ್ಲ.

ಬಿಡಿಸಿದ ಮೇಲೆ ಇರಿಸಿದ್ದ ಆಶ್ರಯಧಾಮದಲ್ಲಿ ಹುಡುಗಿಯನ್ನು ಒಪ್ಪಿಸಿದ ಆ ಶನಿವಾರ ನನಗೆ ಚೆನ್ನಾಗಿ ನೆನಪಿದೆ. ಆ ಗಂಡಸು ಅವಳ ಪಕ್ಕದಲ್ಲೇ ನಿಂತಿದ್ದ. "ಇವರು ಯಾರಮ್ಮ?" ಎಂದು ಕೇಳಿದೆ. "ಮಾವ" ಅಂದಳು. ಹೇಳುವಾಗ ಅವನ ಕಡೆ ನೋಡಲಿಲ್ಲ, ನನ್ನ ಪೆನ್ನಿನ ಕಡೆ ನೋಡುತ್ತಿದ್ದಳು. ಸಂಕೋಚ ಅಂದುಕೊಂಡು ಸಹಿ ಹಾಕಿದೆ.

ಹುಡುಗಿಯನ್ನು ಕೇಳಿ ಖಚಿತಪಡಿಸಿಕೊಳ್ಳಬೇಕು ಎಂದು ನಿಯಮದಲ್ಲಿದೆ. ಅವನನ್ನು ಹೊರಗೆ ಕಳಿಸಿ ಕೇಳಬೇಕು ಎಂದು ಬರೆದಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ, ಅಷ್ಟು ಬುದ್ಧಿ ನನಗೆ ಇರಬೇಕಿತ್ತು.

"ನೀರು ಕುಡೀರಿ" ಎಂದು ಆಕೆಯ ಮುಂದೆ ಲೋಟ ಸರಿಸಿದೆ. ಲೋಟ ತೆಗೆದುಕೊಂಡ ಕೈಯ ತುಂಬ ಸುಟ್ಟ ಕಲೆಗಳು. ನಾನು ನೋಡಿದ್ದನ್ನು ಆಕೆ ನೋಡಿದಳು.

"ಲಾಂಡ್ರೀಲಿ ಇಸ್ತ್ರಿ ಕೆಲಸ ಮೇಡಂ. ನನ್ನ ದೊಡ್ಡ ಮಗಳಿಗೂ ಒಂದಿದೆ, ಎಡಗೈ ಮಣಿಕಟ್ಟಿನ ಮೇಲೆ. ಇಸ್ತ್ರಿಪೆಟ್ಟಿಗೆ ಮೂತಿ ಒತ್ತಿದ ಹಾಗೇ ಇದೆ. ಒಂಬತ್ತು ವರ್ಷಕ್ಕೇ ನನ್ನ ಜೊತೆ ನಿಂತ್ಲು. ಚಿಕ್ಕೋಳನ್ನ ಮಾತ್ರ ಹತ್ತಿರಕ್ಕೂ ಬಿಡ್ತಿರಲಿಲ್ಲ. 'ನೀನು ಓದ್ಕೋ ಹೋಗೇ' ಅಂತ ಗದರಿಸಿ ಕಳಿಸೋಳು."

"ದೊಡ್ಡೋಳು ಈಗೆಲ್ಲಿ?"

"ನಾಲ್ಕು ವರ್ಷ ಆಯ್ತು. ಮನೆಕೆಲಸ ಅಂತ ಹೇಳಿ ಕರ್ಕೊಂಡು ಹೋದ್ರು. ಒಂದು ಫೋನಿಲ್ಲ, ಒಂದು ಕಾಗದ ಇಲ್ಲ. ಅತ್ತು ಅತ್ತು ಸಾಕಾಗಿ, ಇಲ್ಲ ಅಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ." ಲೋಟ ಕೆಳಗಿಟ್ಟಳು. "ಹೋದ ತಿಂಗಳು ಒಬ್ಬ ಹೆಂಗಸು ಬಂದ್ಲು. ನಿಮ್ಮ ದೊಡ್ಡ ಮಗಳು ಸಿಕ್ಕಿದಾಳೆ, ತುಂಬ ಹುಷಾರಿಲ್ಲ, ತಂಗೀನ ನೋಡಬೇಕು ಅಂತಿದಾಳೆ ಅಂದ್ಲು. ನಾನೇ ತಲೆ ಬಾಚಿ, ಇಸ್ತ್ರಿ ಮಾಡಿದ ಬಟ್ಟೆ ಹಾಕಿಸಿ ಕಳಿಸಿದೆ ಮೇಡಂ. ನನ್ನ ಕೈಯಾರೆ ಕಳಿಸಿದೆ."

ಸುಪರ್ದಿ ಪತ್ರದಲ್ಲಿ ನನ್ನ ಕೈಯೂ ಇತ್ತು.

ಆಶ್ರಯಧಾಮಕ್ಕೆ ಹೊರಡಲು ನಾನು ಎದ್ದಾಗ ಆಕೆಯೂ ಎದ್ದಳು. "ನಾನೂ ಬರ್ತೀನಿ."

"ಬೇಡ, ಇಲ್ಲೇ ಇರಿ" ಅಂದೆ. ಬಿಡಿಸಿ ತಂದ ಮಗಳನ್ನು ಯಾರ ಕೈಗೋ ಇತ್ತ ಜಾಗವನ್ನು ಹೆತ್ತವಳಿಗೆ ತೋರಿಸಲು ನನಗೆ ಮುಖವಿರಲಿಲ್ಲ. ನಿಜ ಹೇಳಬೇಕೆಂದರೆ ಕಾರಣ ಅಷ್ಟೇ.

ಆಕೆ ಮತ್ತೆ ಫಲಕದ ಕೆಳಗೆ ಕೂತಳು.

* * *

ಆಶ್ರಯಧಾಮದ ಎದುರಿಗೇ ಒಂದು ಫೋಟೋ ಸ್ಟುಡಿಯೋ ಇದೆ. ಸುಪರ್ದಿ ಅರ್ಜಿಯ ಫೋಟೋಗಳೆಲ್ಲ ಅಲ್ಲಿಂದಲೇ ಬರುತ್ತವೆ.

"ಈ ಕೋಟು..." ಎಂದು ಬಾಯಿ ತೆರೆಯುವಷ್ಟರಲ್ಲಿ ಸ್ಟುಡಿಯೋದವನೇ ಹೇಳಿದ.

"ಕೋಟು ನಮ್ಮದೇ ಮೇಡಂ. ಅರ್ಧ ಊರಿಗೆ ಅದೇ ಕೋಟು. ದಪ್ಪಗಿರೋರಿಗೆ ಗುಂಡಿ ಹಾಕಲ್ಲ, ಸಣ್ಣಗಿರೋರಿಗೆ ಬೆನ್ನ ಹಿಂದೆ ಬಟ್ಟೆ ಕ್ಲಿಪ್ಪು. ನಿಮ್ಮ ಹೆಡ್ ಕಾನ್ಸ್‌ಟೇಬಲ್ ಕೂಡ ಹಾಕ್ಕೊಂಡಿದಾರೆ."

"ಈ ಮನುಷ್ಯ ಯಾವಾಗ ಬಂದಿದ್ದ?"

"ಮೂಲೇಲಿ ನೋಡಿ, ಸಣ್ಣಗೆ ತಾರೀಕು ಇರುತ್ತೆ. ನಮ್ಮ ಮಿಷನ್ನು ತಾನೇ ಹಾಕುತ್ತೆ."

ಭೂತಗನ್ನಡಿ ಕೊಟ್ಟ. ಬೂದು ಕೋಟಿನ ಅಂಚಿನಲ್ಲಿ ಇರುವೆ ಗಾತ್ರದ ಅಂಕಿಗಳು: ಹನ್ನೆರಡು.

"ಹನ್ನೆರಡು, ಮಂಗಳವಾರ ಮಧ್ಯಾಹ್ನ" ಅಂದ ಅವನು ಪುಸ್ತಕ ನೋಡಿ.

ನಾನು ಕುರ್ಚಿ ಹುಡುಕಿ ಕೂತೆ. ನಾವು ಕಟ್ಟಡಕ್ಕೆ ನುಗ್ಗಿದ್ದು ಹದಿನಾಲ್ಕನೆಯ ತಾರೀಕು, ಗುರುವಾರ. ಹುಡುಗಿ ಇನ್ನೂ ಮೀನು ಕಾರ್ಖಾನೆಯ ಹಿಂದೆ ಬೀಗದೊಳಗಿದ್ದಾಗಲೇ, ಅವಳನ್ನು ಆಶ್ರಯಧಾಮದಿಂದ ಕರೆದೊಯ್ಯುವ 'ಮಾವ' ಬಾಡಿಗೆ ಕೋಟು ತೊಟ್ಟು ಕ್ಯಾಮೆರಾಕ್ಕೆ ಮುಖ ಕೊಟ್ಟಿದ್ದ.

ಅಂದರೆ ನಾವು ಬರುವುದು ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹುಡುಗಿಯರನ್ನು ಬೇರೆಡೆಗೆ ಸಾಗಿಸಲಿಲ್ಲ. ಬರಲಿ ಎಂದು ಕಾದರು. ಬೀಗ ಒಡೆದು, ಫೋಟೋ ತೆಗೆಸಿಕೊಂಡು, ಪತ್ರಿಕೆಯಲ್ಲಿ ಸುದ್ದಿ ಮಾಡಿಸಿಕೊಂಡು ನಾವು ಮಾಡಿದ್ದಿಷ್ಟೇ: ಗಡಿ ದಾಟಲು ಕಾಗದವಿಲ್ಲದ ಹುಡುಗಿಗೆ ಸರ್ಕಾರದ ಮುದ್ರೆಯಿರುವ ಕಾಗದ ಮಾಡಿಕೊಟ್ಟೆವು.

ಆ ಮಂಗಳವಾರ ದಾಳಿಯ ವಿಷಯ ಗೊತ್ತಿದ್ದವರು ಯಾರು? ನಾನು, ಕನ್ನಡಕ. ಮೇಲಧಿಕಾರಿಗೂ ಹೇಳಿದ್ದು ಬುಧವಾರ ಸಂಜೆ.

ಅಷ್ಟರಲ್ಲಿ ನೆನಪಾಯಿತು. ಮಂಗಳವಾರ ಬೆಳಿಗ್ಗೆ ನಾವು ಇನ್ನೊಂದು ಫೋನ್ ಮಾಡಿದ್ದೆವು. ಪ್ರತಿ ದಾಳಿಗೂ ಮೊದಲು ಮಾಡುವ ಫೋನ್.

ಆರು ವರ್ಷದ ಹಿಂದೆ ನಾವು ಬಿಡಿಸಿ ತಂದ ಏಳು ಮಕ್ಕಳು ಆಶ್ರಯಧಾಮದ ಬರಿ ನೆಲದ ಮೇಲೆ, ತಮ್ಮ ಕೈಗಳನ್ನೇ ದಿಂಬು ಮಾಡಿಕೊಂಡು ಮಲಗಿದ್ದವು. ಅದನ್ನು ನೋಡಲಾರದೆ ನಾನೇ ಒಂದು ಪದ್ಧತಿ ಹಾಕಿದೆ: ದಾಳಿಗೆ ಎರಡು ದಿನ ಮೊದಲು ಆಶ್ರಯಧಾಮಕ್ಕೆ ಫೋನ್ ಮಾಡಿ, ಎಷ್ಟು ಹಾಸಿಗೆ ಬೇಕು ಎಂದು ಹೇಳಿಬಿಡುವುದು. ವಿಳಾಸ ಹೇಳುವುದಿಲ್ಲ, ಹೆಸರು ಹೇಳುವುದಿಲ್ಲ. 'ಮೂರು ಹಾಸಿಗೆ' ಅಷ್ಟೇ.

ಅಂತಃಕರಣದಿಂದ ಮಾಡಿದ್ದು. ಈ ಕೆಲಸದಲ್ಲಿ ನಾನು ಹೆಮ್ಮೆ ಪಡುತ್ತಿದ್ದ ಒಂದೇ ಒಂದು ಸಂಗತಿ ಅದು.

* * *

ಆಶ್ರಯಧಾಮದ ಮೇಲ್ವಿಚಾರಕಿಯನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಾರೆ. ಅರವತ್ತು ದಾಟಿದ ಹೆಂಗಸು. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ, ಬಿಡಿಸಿ ತಂದ ಮಗು ಮಾತಾಡದಿದ್ದರೆ ಒತ್ತಾಯ ಮಾಡಬೇಡ, ಪಕ್ಕದಲ್ಲಿ ಕೂತು ಬಟ್ಟೆ ಮಡಚು ಎಂದು ಹೇಳಿಕೊಟ್ಟವಳು ಇವಳೇ.

ಅವತ್ತೂ ಬಟ್ಟೆ ಮಡಚುತ್ತಿದ್ದಳು. ಕಾರಿಡಾರಿನ ಕೊನೆಯ ಹಾಸಿಗೆ ಕೋಣೆಯ ಬಾಗಿಲಿಗೆ ಬೆನ್ನು ಕೊಟ್ಟು, ಸ್ಟೂಲಿನ ಮೇಲೆ ಕೂತಿದ್ದಳು. ಸೊಂಟದಲ್ಲಿ ಕೀಲಿಗೊಂಚಲು. ಗಾಳಿಯಲ್ಲಿ ತಿಗಣೆ ಔಷಧಿಯ ಘಾಟು.

"ಬಾ ಮಗಳೇ. ಏನು ಹೇಳದೆ ಕೇಳದೆ ಬಂದೆ? ಎಷ್ಟು ಹಾಸಿಗೆ?"

"ಇವತ್ತು ಹಾಸಿಗೆ ಬೇಡ ದೊಡ್ಡಮ್ಮ." ಫೋಟೋವನ್ನು ಮಡಚಿದ ಬಟ್ಟೆಯ ಮೇಲಿಟ್ಟೆ. "ಹನ್ನೆರಡನೇ ತಾರೀಕು ನಾವು ನಿಮಗೆ ಫೋನ್ ಮಾಡಿದ್ವಿ. ಅವತ್ತು ಮಧ್ಯಾಹ್ನವೇ ಇವನು ನಿಮ್ಮೆದುರಿನ ಸ್ಟುಡಿಯೋಗೆ ಬಂದಿದಾನೆ. ಮಧ್ಯೆ ಯಾರಿಗೆ ಹೇಳಿದ್ರಿ?"

ಅವಳ ಕೈ ನಿಂತಿತು.

"ಯಾರಿಗೆ ಹೇಳಲಿ? ನನಗೆ ಬೇರೆ ಕೆಲಸ ಇಲ್ವಾ?"

"ದೊಡ್ಡಮ್ಮ, ಆ ಹುಡುಗಿ ತಾಯಿ ನನ್ನ ಆಫೀಸಲ್ಲಿ ಕೂತಿದಾಳೆ. ಅವಳಿಗೆ ಅಣ್ಣತಮ್ಮಂದಿರೇ ಇಲ್ಲ."

ಕಾರಿಡಾರಿನಲ್ಲಿ ಯಾರೂ ಇರಲಿಲ್ಲ. ಹುಡುಗಿಯರೆಲ್ಲ ಮುಂದಿನ ಕೋಣೆಯಲ್ಲಿ ಪಾಠಕ್ಕೆ ಕೂತಿದ್ದರು. ದೊಡ್ಡಮ್ಮ ಮಡಚಿದ ಬಟ್ಟೆಯನ್ನೇ ಬಿಡಿಸಿ ಮತ್ತೆ ಮಡಚಿದಳು.

"ಹಾಸಿಗೆ ಎಲ್ಲಿಂದ ಬರುತ್ತೆ ಅಂತ ಯಾವತ್ತಾದ್ರೂ ಕೇಳಿದ್ಯಾ ನೀನು?" ಅಂದಳು ಕೊನೆಗೆ. "ಎಷ್ಟು ಬೇಕು ಅಂತ ಮಾತ್ರ ಹೇಳಿ ಫೋನ್ ಇಡ್ತಿದ್ರಿ. ನಿಮ್ಮ ಇಲಾಖೆ ಆರು ವರ್ಷದಲ್ಲಿ ಒಂದು ದಿಂಬಿನ ಕವರ್ ಕೊಟ್ಟಿದ್ಯಾ? ಕೊಟ್ಟಿದ್ದು ಅವನು."

"ಯಾರು? ಹಾಸಿಗೆ ಸಾಹುಕಾರ?"

ಅವಳು ಹೌದೆಂದು ತಲೆಯಾಡಿಸಿದಳು. ಹಾಸಿಗೆ ಅಂಗಡಿಯ ಆ ಮನುಷ್ಯ ನಮ್ಮ ಘಟಕದ ವಾರ್ಷಿಕೋತ್ಸವದ ಪ್ರತಿ ಫೋಟೋದಲ್ಲೂ ಇದ್ದಾನೆ. ಪ್ರಶಸ್ತಿ ಫಲಕ ನನ್ನ ಕೈಗಿತ್ತದ್ದೂ ಅವನೇ. ಆಗ ಕೈ ಮುಗಿದು, ಇಂಥ ಕೆಲಸಕ್ಕೆ ದೇವರು ನಿಮಗೆ ಆಯುಸ್ಸು ಕೊಡಲಿ ಅಂದಿದ್ದ.

"ನಾನು ಫೋನ್ ಮಾಡಿ ಮೂರು ಬೇಕು, ಐದು ಬೇಕು ಅಂತಿದ್ದೆ. ವ್ಯಾನಲ್ಲಿ ಕಳಿಸ್ತಿದ್ದ. ಅಷ್ಟೇ ಇತ್ತು. ಆಮೇಲಾಮೇಲೆ ಮಕ್ಕಳು ಬಂದ ಮೇಲೆ ಕೇಳೋಕೆ ಶುರು ಮಾಡಿದ. ಎಷ್ಟು ವಯಸ್ಸು, ಯಾವ ಊರಿನ ಕಡೆಯವರು, ಮನೇಲಿ ಓದು ಬಲ್ಲೋರು ಇದಾರಾ. ಒಳ್ಳೆ ಮನುಷ್ಯ, ಮಕ್ಕಳ ಮೇಲೆ ಕಾಳಜಿ ಅಂದ್ಕೊಂಡೆ."

"ಯಾವಾಗ ಗೊತ್ತಾಯ್ತು?"

"ಮೊದಲನೆಯ ಹುಡುಗೀನ ಹೀಗೇ ಸುಳ್ಳು ನೆಂಟ ಕರ್ಕೊಂಡು ಹೋದ ಮೇಲೆ."

"ಆಮೇಲೂ ಹೇಳಿದ್ರಾ?"

"ನನ್ನ ಮೊಮ್ಮಗಳು ಸ್ಕೂಲಿಂದ ಬರ್ತಿರೋ ಫೋಟೋ ತಂದು ತೋರಿಸಿದ. ಮುದ್ದಾಗಿದಾಳೆ ಅಂದ. ಅಷ್ಟೇ ಅಂದಿದ್ದು." ದೊಡ್ಡಮ್ಮ ಕೈಲಿದ್ದ ಬಟ್ಟೆಯನ್ನು ಮಡಿಲಿಗೆ ಹಾಕಿಕೊಂಡಳು. "ನೀನಾಗಿದ್ರೆ ಏನು ಮಾಡ್ತಿದ್ದೆ? ಹೇಳು, ಏನು ಮಾಡ್ತಿದ್ದೆ?"

ನನಗೆ ಮಕ್ಕಳಿಲ್ಲ.

"ಒಟ್ಟು ಎಷ್ಟು ಜನ ದೊಡ್ಡಮ್ಮ?"

"ಐದು."

ಐದು ಹುಡುಗಿಯರು, ಐದು ಪತ್ರಗಳು. ಐದರ ಮೇಲೂ ನನ್ನದೇ ಸಹಿ. ಇಲ್ಲಿ ಕಲಿತ ಹಾಡು ಹೇಳುತ್ತ ನನ್ನ ಜೀಪಿಗೆ ಕೈ ಬೀಸಿ ಹೋದವಳೊಬ್ಬಳು ಇದ್ದಳು. ಅವಳೂ ಆ ಐವರಲ್ಲಿ ಒಬ್ಬಳೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

"ಏಳಿ. ಆಫೀಸಿಗೆ ಹೋಗೋಣ. ಬರವಣಿಗೆಯಲ್ಲಿ ಹೇಳಿಕೆ ಕೊಡಬೇಕು."

"ಈಗಲೇ? ಮಧ್ಯಾಹ್ನದೊಳಗೆ ವಾಪಸ್ ಬಿಡ್ತೀಯಾ?"

"ಗೊತ್ತಿಲ್ಲ. ಈ ಕೋಣೆ ತೆಗೀರಿ, ಒಂದ್ಸಲ ನೋಡ್ತೀನಿ."

"ಬೆಳಿಗ್ಗೆ ತಾನೇ ಔಷಧಿ ಹೊಡೆದು ಮುಚ್ಚಿದೀನಿ ಕಣೇ. ತೆಗೆದ್ರೆ ಕಾರಿಡಾರೆಲ್ಲ ಘಾಟು, ಮಕ್ಕಳು ಕೆಮ್ಮಿ ಸಾಯ್ತಾವೆ."

ಅಲ್ಲಿನ ತಿಗಣೆ ನನಗೂ ಗೊತ್ತು. ಒತ್ತಾಯ ಮಾಡಲಿಲ್ಲ. ಆದರೆ ಸೊಂಟದ ಗೊಂಚಲಿಗೆ ಕೈ ಚಾಚಿದೆ. ಅವಳು ಒಂದು ಹೆಜ್ಜೆ ಹಿಂದೆ ಸರಿದಳು.

"ಕೀಲಿ ಇಲ್ಲೇ ಇರಲಿ. ಅಡುಗೆಯವಳಿಗೆ ಕೊಟ್ಟು ಬರ್ತೀನಿ."

"ಬೇಡ. ಇವತ್ತಿನಿಂದ ಇಲ್ಲಿಯ ಕೀಲಿ ನನ್ನ ಹತ್ತಿರ ಇರುತ್ತೆ."

ಅವಳು ಗೊಂಚಲು ಬಿಚ್ಚಿ ಕೊಟ್ಟಳು. ಜೀಪಿನಲ್ಲಿ ಮತ್ತೊಮ್ಮೆ ಕೇಳಿದಳು, "ಮಧ್ಯಾಹ್ನದೊಳಗೆ ಬಿಡ್ತೀಯಾ?" ಆಗ ಅವಳಿಗೆ ಮೊಮ್ಮಗಳ ಚಿಂತೆ ಎಂದುಕೊಂಡೆ. ಶಾಲೆಗೆ ಒಬ್ಬ ಕಾನ್ಸ್‌ಟೇಬಲನ್ನೂ, ಹಾಸಿಗೆ ಸಾಹುಕಾರನ ಅಂಗಡಿಗೆ ನಾಲ್ವರನ್ನೂ ಅಟ್ಟಿದೆ.

ಆಫೀಸು ತಲಪುವಷ್ಟರಲ್ಲಿ ಅಂಗಡಿಯಿಂದ ಫೋನ್ ಬಂತು. ಬಾಗಿಲು ಮುಚ್ಚಿದೆ, ವ್ಯಾನ್ ಇಲ್ಲ, ಸಾಹುಕಾರನೂ ಇಲ್ಲ.

* * *

ದೊಡ್ಡಮ್ಮನನ್ನು ಪಕ್ಕದ ಕೋಣೆಯಲ್ಲಿ ಕೂರಿಸಿ, ಕೀಲಿಗೊಂಚಲನ್ನು ನನ್ನ ಮೇಜಿನ ಮೇಲೆ ಹಾಕಿದೆ. ತಾಯಿ ಕೂತಲ್ಲೇ ಕೂತಿದ್ದಳು. ಮುಂದಿದ್ದ ಚಹಾ ಕೆನೆಗಟ್ಟಿತ್ತು. ಕನ್ನಡಕ ರೆಕಾರ್ಡಿಂಗ್ ಹುಡುಕಿಟ್ಟಿದ್ದ. ಅವನ ಮುಖ ಸಪ್ಪಗಿತ್ತು.

"ನಾನೊಂದು ಸಲ ಕೇಳಿದೆ ಮೇಡಂ. ನೀವೂ ಕೇಳಿ. ನಾನೇನೂ ಹೇಳಲ್ಲ."

ತಾಯಿಯನ್ನು ಹೊರಗೆ ಕಳಿಸಬೇಕಿತ್ತೇನೋ. ಕಳಿಸಲಿಲ್ಲ. ಬೆಳಿಗ್ಗೆಯಿಂದ ಅವಳಿಂದ ಮುಚ್ಚಿಟ್ಟಿದ್ದು ಸಾಕಾಗಿತ್ತು. ಗುಂಡಿ ಒತ್ತಿದೆ.

ಮೊದಲು ಪಾತ್ರೆಗಳ ಸದ್ದು. ಆಮೇಲೆ ಒಂದು ಹೆಣ್ಣುದನಿ, ಅವಸರದಲ್ಲಿ, ಆದರೆ ತಡವರಿಸದೆ.

"ಮೀನು ಕಾರ್ಖಾನೆ ಇದೆಯಲ್ಲ, ಅದರ ಹಿಂದಿನ ಕಟ್ಟಡ. ಮೇಲಿನ ಮಹಡಿ. ಮೂರು ಹುಡುಗೀರನ್ನ ಕೂಡಿ ಹಾಕಿದಾರೆ."

"ನೀವೆಲ್ಲಿಂದ ಮಾತಾಡ್ತಿದೀರಿ?" ಇದು ಕನ್ನಡಕನ ದನಿ.

"ನಾನು ಬೇರೆ ಕಡೆ, ಅವರಿಗೆ ಅಡುಗೆ ಮಾಡ್ತೀನಿ. ನನ್ನ ವಿಷಯ ಬಿಡಿ. ಮೂರು ಜನ."

ಅದಾದ ಮೇಲೆ ಕನ್ನಡಕ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ನನ್ನನ್ನು ಕೂಗಿದ್ದು ಜೋರಾಗಿ ಕೇಳಿಸಿತು: "ಮೇಡಂ, ವಿಳಾಸ ಸಿಕ್ತು! ಮೂರು ಜನ!" ಅದಕ್ಕೆ ನಾನು ಒಳಗಿನಿಂದ, "ಸರಿಯಾಗಿ ಬರ್ಕೋ, ಸ್ಪೆಲಿಂಗ್ ತಪ್ಪಬೇಡ!" ಅಂದದ್ದು. ನಮ್ಮಿಬ್ಬರ ಕೂಗಾಟದ ಅಡಿಯಲ್ಲಿ ಆ ಹೆಣ್ಣುದನಿ ಇನ್ನೂ ಮಾತಾಡುತ್ತಿತ್ತು.

ಕನ್ನಡಕ ಸದ್ದು ಹೆಚ್ಚಿಸಿ ಮತ್ತೆ ಹಾಕಿದ.

"...ಚಿಕ್ಕೋಳನ್ನ ಯಾರ ಕೈಗೂ ಕೊಡಬೇಡಿ. ಮಾವ, ಚಿಕ್ಕಪ್ಪ ಅಂತ ಯಾರೇ ಬಂದ್ರೂ ಕೊಡಬೇಡಿ. ಅಮ್ಮ ಬಂದ್ರೆ ಮಾತ್ರ ಕೊಡಿ. ಅಮ್ಮನ ಕೈಯಲ್ಲಿ ಇಸ್ತ್ರಿ ಸುಟ್ಟ ಕಲೆ ಇರುತ್ತೆ, ಅದನ್ನ ನೋಡಿ..."

ಕುರ್ಚಿ ಬಿದ್ದ ಸದ್ದಾಯಿತು. ತಾಯಿ ಎದ್ದು ನಿಂತಿದ್ದಳು.

"ಇದು ನನ್ನ ದೊಡ್ಡೋಳು" ಅಂದಳು. "ನನ್ನ ದೊಡ್ಡ ಮಗಳ ದನಿ ಇದು. ಬದುಕಿದಾಳೆ. ಮೇಡಂ, ಬದುಕಿದಾಳೆ!"

ಅವಳು ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಆ ಯಂತ್ರವನ್ನು ಎರಡೂ ಕೈಯಲ್ಲಿ ಸವರುತ್ತಿದ್ದಳು. ಕನ್ನಡಕ ಗೋಡೆಯ ಕಡೆ ತಿರುಗಿ ನಿಂತ.

"ಮೂರು ಅಂದ್ಲು ಮೇಡಂ" ಅಂದ ಅವನು, ಗೋಡೆಗೇ. "ತನ್ನನ್ನ ಎಣಿಸಲೇ ಇಲ್ಲ. ನಾನೂ ಕೇಳಲಿಲ್ಲ. ಆಮೇಲೆ ಆ ನಂಬರಿಗೆ ಎಷ್ಟು ಸಲ ಮಾಡಿದೆ, ಸ್ವಿಚ್ ಆಫ್."

ನಾಲ್ಕು ಹಾಸಿಗೆ ಬೇಕಿತ್ತು. ನಾವು ಮೂರು ಅಂದೆವು.

ಗಡಿ ಠಾಣೆಯ ಫೋನ್ ಬಂದದ್ದು ಆಗ. ಅಲ್ಲಿಯ ಅಧಿಕಾರಿ ಶಿಸ್ತಿನ ಮನುಷ್ಯ, ಕಾಗದ ನೋಡಿಕೊಂಡೇ ಮಾತಾಡುತ್ತಿದ್ದ.

"ಮೇಡಂ, ನಿಮ್ಮ ಸಂದೇಶ ಬರೋಕೆ ಮುಂಚೆಯೇ ದಾಟಿದಾರೆ. ಬೆಳಿಗ್ಗೆ ಎಂಟೂ ನಲವತ್ತಕ್ಕೆ. ಪೋಷಕ ಒಬ್ಬ, ಹುಡುಗಿ ಒಬ್ಬಳು. ಪತ್ರ ಸರಿಯಾಗಿತ್ತು, ನಿಮ್ಮ ಸಹಿಯೇ ಇತ್ತು."

"ಹುಡುಗಿ ಹೇಗಿದ್ಲು? ಅಳ್ತಿದ್ಲಾ?"

"ಇಲ್ಲ ಮೇಡಂ. ಅತ್ತಿದ್ರೆ ನಿಲ್ಲಿಸ್ತಿದ್ವಿ, ನಮಗೆ ಆದೇಶ ಇದೆ. ಒಂದು ಹನಿ ಕಣ್ಣೀರಿಲ್ಲ. ಫೋಟೋಗಿಂತ ಸ್ವಲ್ಪ ಸೊರಗಿದ್ಲು, ಅಷ್ಟೇ. ಗುರುತಿನ ಕಾಲಂ ತುಂಬಿದೀವಿ, ಓದಲಾ? ಎಡಗೈ ಮಣಿಕಟ್ಟಿನ ಮೇಲೆ ಹಳೇ ಸುಟ್ಟ ಕಲೆ. ತ್ರಿಕೋನದ ಆಕಾರ."

ನಾನು ಫೋನ್ ಕೆಳಗಿಟ್ಟೆ. ಹೇಳುವುದು ಹೇಗೆ ಎಂದು ಯೋಚಿಸುತ್ತಿರುವಾಗಲೇ ತಾಯಿ ನನ್ನ ಮುಖ ಓದಿಕೊಂಡಳು.

"ಯಾರು?" ಅಂದಳು. "ದೊಡ್ಡೋಳಾ, ಚಿಕ್ಕೋಳಾ?"

"ದೊಡ್ಡೋಳು. ತಂಗಿಯ ಕಾಗದದಲ್ಲಿ ಹೋಗಿದಾಳೆ."

ಆಕೆ ಕಿರುಚಲಿಲ್ಲ. ನೆಲದ ಮೇಲೆ ಕೂತು, ಸೆರಗಿನ ತುದಿಯನ್ನು ಅಂಗೈಯಿಂದ ಒತ್ತಿ ಒತ್ತಿ ನೇರ ಮಾಡತೊಡಗಿದಳು, ಇಸ್ತ್ರಿ ಮಾಡುವವರ ಹಾಗೆ. ಮಗಳು ಬದುಕಿದ್ದಾಳೆ ಎಂದು ತಿಳಿದು ಐದು ನಿಮಿಷವಾಗಿರಲಿಲ್ಲ. ನನ್ನ ಇಡೀ ನೌಕರಿಯಲ್ಲಿ ಅಷ್ಟು ದುಃಖ ನಾನು ಕಂಡಿಲ್ಲ.

"ಹಾಗಾದ್ರೆ ಚಿಕ್ಕೋಳು?" ಅಂದಳು ತಲೆಯೆತ್ತದೆ.

ಸಹಾಯವಾಣಿಯ ಫೋನ್ ಹೊಡೆದುಕೊಂಡಿತು. ಕನ್ನಡಕ ಹಣೆಯಿಂದ ಕನ್ನಡಕ ಇಳಿಸಿ ನಂಬರು ನೋಡಿದ.

"ಮೇಡಂ, ಅದೇ ನಂಬರು. ಸ್ವಿಚ್ ಆಫ್ ಆಗಿದ್ದ ನಂಬರು."

ಈ ಸಲ ನಾನೇ ಎತ್ತಿದೆ. ಅತ್ತ ಕೆಮ್ಮು. ಬಾಯಿಗೆ ಬಟ್ಟೆ ಅಡ್ಡ ಇಟ್ಟುಕೊಂಡು ಯಾರೋ ಕೆಮ್ಮುತ್ತಿದ್ದರು.

"ಅಮ್ಮ ಬಂದಿದಾಳಾ?" ಎಂದಿತು ಒಂದು ಸಣ್ಣ ದನಿ. "ಅಮ್ಮ ಬರ್ತಾಳೆ, ಬರೋವರೆಗೂ ತಡ್ಕೋ ಅಂತ ಅಕ್ಕ ಹೇಳಿದ್ಲು. ಫೋನನ್ನ ನನ್ನ ಬಟ್ಟೇಲಿ ಬಚ್ಚಿಟ್ಟು ಕೊಟ್ಲು."

"ಬಂದಿದಾಳೆ ಪುಟ್ಟಿ, ಇಲ್ಲೇ ಇದಾಳೆ. ನೀನೆಲ್ಲಿದೀಯಾ?"

"ಅಕ್ಕ ನನ್ನ ಬದಲು ಹೋದ್ಲು. ಇವಳು ಗಡೀಲಿ 'ಅಮ್ಮಾ' ಅಂತ ಅತ್ತುಬಿಡ್ತಾಳೆ, ನಾನಾದ್ರೆ ಅಳಲ್ಲ ಅಂತ ಅವರಿಗೆ ಹೇಳಿದ್ಲು. ಇನ್ನೊಂದು ಕಾಗದ ಆಗೋವರೆಗೂ ಇಲ್ಲೇ ಇರು ಅಂತ ನನ್ನ ತಂದು ಬಿಟ್ರು."

"ಇಲ್ಲೇ ಅಂದ್ರೆ ಎಲ್ಲಿ?"

"ದೊಡ್ಡಮ್ಮನ ಹತ್ರ. ಹಾಸಿಗೆ ರೂಮಲ್ಲಿ."

ಆ ಬಾಗಿಲಿನಿಂದ ನಾನು ಎರಡು ಮೊಳ ದೂರದಲ್ಲಿ ನಿಂತಿದ್ದೆ.

"ಬೆಳಿಗ್ಗೆ ನಿಮ್ಮ ದನಿ ಕೇಳಿಸ್ತು" ಅಂದಳು ಹುಡುಗಿ. "ಬಾಗಿಲ ಹತ್ರಾನೇ ಇದ್ರಿ."

"ಮತ್ತೆ ಯಾಕಮ್ಮ ಕೂಗಲಿಲ್ಲ?"

ಅವಳು ಕೆಮ್ಮಿದಳು. ಆಮೇಲೆ, ದೂರುವ ದನಿಯಲ್ಲಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳುವ ದನಿಯಲ್ಲಿ ಕೇಳಿದಳು:

"ನೀವೇ ಅಲ್ವಾ ನನ್ನ ಅವರ ಕೈಗೆ ಕೊಟ್ಟಿದ್ದು?"

ತಾಯಿ ಎದ್ದು ಬಂದು ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು. "ಪುಟ್ಟೀ! ನಾನು ಕಣೇ, ಅಮ್ಮ!" ಎಂದು ಕೂಗಿದಳು. ಕನ್ನಡಕ ಜೀಪಿನ ಕಡೆ ಓಡಿದ. ನಾನೂ ಬಾಗಿಲ ತನಕ ಹೋಗಿದ್ದೆ.

"ಅಳಬೇಡ, ಬರ್ತೀವಿ. ಯಾರು? ಯಾರು ಬಂದ್ರು?" ತಾಯಿಯ ದನಿ ಥಟ್ಟನೆ ಕುಗ್ಗಿತು. ನನ್ನ ಕಡೆ ತಿರುಗಿದಳು. "ಮೇಡಂ, ಯಾರೋ ಹೊರಗಿನಿಂದ ಬೀಗ ತೆಗೀತಿದಾರಂತೆ. ನಿಮ್ಮೋರಾ?"

ಹಾಸಿಗೆ ಸಾಹುಕಾರನೂ ಅವನ ವ್ಯಾನೂ ಇನ್ನೂ ಸಿಕ್ಕಿರಲಿಲ್ಲ. ದೊಡ್ಡಮ್ಮ ಪಕ್ಕದ ಕೋಣೆಯಲ್ಲಿದ್ದಳು. ಕೀಲಿಗೊಂಚಲು ನನ್ನ ಮೇಜಿನ ಮೇಲೆಯೇ ಇತ್ತು.